ಮರಾಠಿ ಕಪಾಟಿನಲ್ಲಿ ಸಿಕ್ಕ ಹೀರಾಬಾಯಿ

ಇಚಲಕರಂಜಿಯಲ್ಲಿ ಸೀರೆ ಅಂಗಡಿ ನಡೆಸುವ ನೂತನ ಗಿರಾಕಿಗೆ ಮರಾಠಿಯಲ್ಲಿ ದರ ಹೇಳುತ್ತಾಳೆ, ಪಕ್ಕದಲ್ಲೇ ಕೂತ ತಾಯಿ ಇಂದುಬಾಯಿಯ ಜೊತೆ ಕನ್ನಡದಲ್ಲಿ ಜಗಳವಾಡುತ್ತಾಳೆ. ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅವಳಿಗೆ ಬಾಯಿಗೆ ಬರುವ ಭಾಷೆಯೇ ಹೊರತು ಅಕ್ಷರದ ಗುರುತಿಲ್ಲ.

ಎಂಬತ್ತು ದಾಟಿದ ಇಂದುಬಾಯಿ ಆಗಾಗ ಹೇಳುತ್ತಿದ್ದ ಸಂಗತಿ ಒಂದಿತ್ತು: ತನ್ನ ತಾಯಿ ಹೀರಾಬಾಯಿ ಬೀಗರನ್ನು ಚೇಷ್ಟೆ ಮಾಡುವ ಮದುವೆ ಹಾಡು ಕಟ್ಟುತ್ತಿದ್ದಳು, ಅವು ಆಕೆಯ ಹೆಸರಿನಲ್ಲಿ ಪುಸ್ತಕವಾಗಿ ಅಚ್ಚಾಗಿದ್ದವು. ಗಡಹಿಂಗ್ಲಜದಲ್ಲಿ ಬೆಲ್ಲದ ವ್ಯಾಪಾರ ಮಾಡುವ ಇಂದುಬಾಯಿಯ ತಮ್ಮ ಪಾರೀಸ ಇದನ್ನು ಒಪ್ಪುತ್ತಿರಲಿಲ್ಲ.

"ಅವ್ವಗ ಸಹಿ ಮಾಡಾಕ ಬರ್ತಿದ್ದಿಲ್ಲ, ಹೆಬ್ಬಟ್ಟ ಒತ್ತತಿದ್ಳು. ಪುಸ್ತಕ ಎಲ್ಲಿಂದ ಬಂತ, ಅಕ್ಕಾ?" ಎಂದು ಒಮ್ಮೆ ಎಲ್ಲರೆದುರಿಗೆ ಕೇಳಿಬಿಟ್ಟ. ಮನೆಯಲ್ಲಿ ಪುಸ್ತಕದ ಒಂದು ಪ್ರತಿಯೂ ಉಳಿದಿರಲಿಲ್ಲ. ಇಂದುಬಾಯಿ ಅವತ್ತು ಅರ್ಧ ಊಟಕ್ಕೇ ಎದ್ದಳು.

ತಾಯಿಯ ಆ ಮುಖ ನೂತನಳ ಮನಸ್ಸಿನಿಂದ ಹೋಗಲಿಲ್ಲ. ದೇಶದಲ್ಲಿ ಅಚ್ಚಾದ ಪುಸ್ತಕದ ಒಂದು ಪ್ರತಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕೆಂಬ ಕಾನೂನು ಬಹಳ ಹಿಂದಿನಿಂದ ಇದೆ ಎಂದು ಅಂಗಡಿಗೆ ಬಂದ ಕಾಲೇಜು ಶಿಕ್ಷಕಿಯೊಬ್ಬರು ಹೇಳಿದ್ದೇ ತಡ, ಅವಳು ಗಂಡ ಆಶಿಷನ ಬೆನ್ನು ಹತ್ತಿದಳು. ಜಾರ್ಖಂಡಿನ ಜೈನ ಕ್ಷೇತ್ರ ಶಿಖರ್ಜಿಯ ಯಾತ್ರೆ ಮಾಡಬೇಕೆಂದು ಅವನೇ ಎರಡು ವರ್ಷದಿಂದ ಅನ್ನುತ್ತಿದ್ದ. ಅಲ್ಲಿಂದ ಕೋಲ್ಕತ್ತಾ ಎಷ್ಟು ದೂರ ಎಂದು ಅವಳ ವಾದ. ಇಬ್ಬರೂ ಕೊಲ್ಹಾಪುರದಲ್ಲಿ ರೈಲು ಹತ್ತಿದರು. ಬೆಟ್ಟ ಹತ್ತಿ ಇಳಿದು, ಕಾಲು ನೋವಿನಲ್ಲೇ ಗ್ರಂಥಾಲಯದ ಮೆಟ್ಟಿಲನ್ನೂ ಹತ್ತಿದರು.

ಆಧಾರ್ ತೋರಿಸಿ ಓದುಗರ ಕಾರ್ಡು ಮಾಡಿಸಿಕೊಂಡದ್ದಾಯಿತು. ಕನ್ನಡ ವಿಭಾಗದಲ್ಲಿ ಹೀರಾಬಾಯಿಯ ಹೆಸರಿಲ್ಲ. ಅಲ್ಲಿನ ಸಿಬ್ಬಂದಿ ಪಾಪ, ಮತ್ತೆ ಮತ್ತೆ ಹುಡುಕಿದರು. ಕೊನೆಗೆ, ನಿಮ್ಮ ಅಜ್ಜಿಯ ಊರು ಗಡಹಿಂಗ್ಲಜ ಮಹಾರಾಷ್ಟ್ರದಲ್ಲಲ್ಲವೇ, ಮರಾಠಿ ವಿಭಾಗದಲ್ಲಿ ಒಮ್ಮೆ ಕೇಳಿ ಎಂದರು. ಹಾಡು ಕನ್ನಡದವು, ಅಲ್ಲಿ ಯಾಕಿರುತ್ತವೆ ಎಂದು ನೂತನ ಹೊರಡಲು ಎದ್ದಳು. ಫ್ಯಾನಿನ ಕೆಳಗೆ ಹಾಯಾಗಿ ಕೂತಿದ್ದ ಆಶಿಷ, ಇಷ್ಟು ದೂರ ಬಂದಿದ್ದೇವೆ, ಕೇಳಿ ಹೋಗೋಣ ಎಂದ.

ಮರಾಠಿ ವಿಭಾಗದಲ್ಲಿ ಹೆಸರು ಸಿಕ್ಕಿತು. ಮರುದಿನ ಪುಸ್ತಕ ಮೇಜಿಗೆ ಬಂತು. ತೆಳ್ಳಗಿನ, ಹಳದಿಗಟ್ಟಿದ ಹಾಳೆಗಳು. ನೂತನ ಓದತೊಡಗಿದಳು. ಅಕ್ಷರ ಮರಾಠಿಯವು, ಅರ್ಥ ಮಾತ್ರ ಹತ್ತಲಿಲ್ಲ. ಮೆಲ್ಲಗೆ ತುಟಿಯಾಡಿಸಿ ನೋಡಿದಳು. ಕಿವಿಗೆ ಕೇಳಿದ್ದು ಅಪ್ಪಟ ಮನೆಯ ಕನ್ನಡ.

ಮೊದಲ ಪುಟದಲ್ಲಿ ಅವಳ ಅಜ್ಜ ಶಾಂತಿನಾಥ ನಾಲ್ಕು ಸಾಲು ಬರೆದಿದ್ದ. ಹಾಡು ತನ್ನ ಹೆಂಡತಿಯವು, ಆಕೆ ಹಾಡಿದಳು, ತಾನು ಬರೆದುಕೊಂಡೆ, ತನಗೆ ಬರುವುದು ಮರಾಠಿ ಅಕ್ಷರವಷ್ಟೇ, ಕನ್ನಡ ಬಲ್ಲವರು ನಗಬಾರದು ಎಂದು. ಫೋಟೋದಲ್ಲಿ ಹುಬ್ಬು ಗಂಟಿಕ್ಕಿ ಕೂತ ಅಜ್ಜನನ್ನಷ್ಟೇ ಅವಳು ಕಂಡಿದ್ದಳು. ಆ ಕಾಲದಲ್ಲಿ ಹೆಂಡತಿಯ ಪಕ್ಕ ಕೂತು ಬೀಗರ ಹಾಡು ಬರೆದುಕೊಂಡು, ಮುಖಪುಟದ ಮೇಲೆ ಆಕೆಯ ಹೆಸರೊಂದನ್ನೇ ಹಾಕಿಸಿದ್ದ. ನೂತನಳ ಕಣ್ಣು ತುಂಬಿತು. ಆಶಿಷ ನೀರಿನ ಬಾಟಲಿ ಮುಂದೆ ಸರಿಸಿದ.

ಬೇಕಾದ ಪುಟಗಳ ನಕಲಿಗೆ ಅರ್ಜಿ ಕೊಟ್ಟು, ಒಂದು ಹಾಡನ್ನು ಬಾಯಿಪಾಠ ಮಾಡಿಕೊಂಡು, ಹೊರಗಿನ ಮರದ ನೆರಳಿಗೆ ಬಂದು ತಾಯಿಗೆ ಫೋನು ಮಾಡಿದಳು.

"ಅವ್ವಾ, ಕೇಳ. ಬೀಗತಿ ಬಂದಾಳ ನೋಡ, ತಲಿಮ್ಯಾಗ ಹೊತ್ತಾಳ ಕೊಡ."

ಆ ಕಡೆ ಇಂದುಬಾಯಿ ನಗತೊಡಗಿದಳು.

"ಕೊಡ ಅಲ್ಲ ನೂತನಾ, ಕೋಡ. ಎಮ್ಮಿ ಕೋಡ. ಅವ್ವ ಹಂಗ ಹಾಡಿದ್ದಕ್ಕ ಬೀಗರು ಸಿಟ್ಟ ಮಾಡಿ ಊಟಕ್ಕ ಕುಂದರಲಿಲ್ಲ."

ಕೊ, ಕೋ ಎರಡಕ್ಕೂ ಮರಾಠಿ ಬರಹದಲ್ಲಿ ಅಕ್ಷರ ಒಂದೇ. ಹಾಗಾಗಿ ಅಜ್ಜನ ಬರಹವನ್ನು ಸರಿಯಾಗಿ ಓದಬೇಕಾದರೆ ತಾಯಿಯ ಬಾಯಿಯೇ ಬೇಕಾಯಿತು. ಊರಿಗೆ ಬಂದ ಮೇಲೆ ಇಬ್ಬರೂ ಸಂಜೆ ಸಂಜೆ ಕೂತು ನಕಲು ಪುಟಗಳನ್ನು ತಿದ್ದಿದರು. ಪಾರೀಸ ಬಂದು ಮುಖಪುಟ ನೋಡಿದ. "ನಂದ ತಪ್ಪಾತ, ಅಕ್ಕಾ," ಎಂದ. ಅವತ್ತು ಊಟಕ್ಕೆ ಇಂದುಬಾಯಿ ಅವನಿಗೆ ಎರಡು ಸಲ ಬಡಿಸಿದಳು.

ಈ ಬೇಸಿಗೆಯಲ್ಲಿ ಪಾರೀಸನ ಮೊಮ್ಮಗಳ ಮದುವೆ ಕೊಲ್ಹಾಪುರದ ಮಂಗಲ ಕಾರ್ಯಾಲಯದಲ್ಲಾಯಿತು. ಊಟದ ಹೊತ್ತಿಗೆ ಧ್ವನಿವರ್ಧಕ ನಿಲ್ಲಿಸಿ ಇಂದುಬಾಯಿ ಕೋಡಿನ ಹಾಡು ಹಾಡಿದಳು. ಹೆಣ್ಣಿನ ಕಡೆಯವರು ನಕ್ಕು ನಕ್ಕು ಸುಸ್ತಾದರು. ಆಗ ಬಿದ್ರಿಯಿಂದ ಬಂದಿದ್ದ ಗಂಡಿನ ಅಜ್ಜಿ ನಾಗೂಬಾಯಿ ಎಲೆಯ ಮುಂದೆ ಕೂತಲ್ಲೇ ಸೆರಗು ಸರಿಪಡಿಸಿಕೊಂಡು ಎದುರು ಹಾಡು ಎತ್ತಿದಳು:

"ಕೋಡಿದ್ದ ಎಮ್ಮಿ ಹಾಲ ಕೊಡತೈತಿ, ಕೋಡಿಲ್ಲದ್ದು ಬರೇ ಒದಿತೈತಿ."

ನೂತನ ಬಡಿಸುವುದನ್ನು ಅಲ್ಲಿಗೇ ಬಿಟ್ಟು, ರೆಕಾರ್ಡ್ ಮಾಡಲು ಫೋನು ಹಿಡಿದು ನಾಗೂಬಾಯಿಯ ಪಕ್ಕಕ್ಕೆ ಹೋಗಿ ಕೂತು, ಇನ್ನೊಮ್ಮೆ ಹಾಡ್ರಿ ಅಂದಳು.