ಕುಕ್ಕರ್ ಸಮೇತ ಸ್ಕೀ ಪ್ರವಾಸ

ನನಗೆ ಸ್ಕೀಯಿಂಗ್ ಬರುವುದಿಲ್ಲ ಎಂಬ ಸಂಗತಿ ಸ್ಯಾನ್ ಡಿಯಾಗೊದ ಕನ್ನಡಿಗರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಗೊತ್ತಾಗುವಂಥ ಸಂದರ್ಭವನ್ನೇ ನಾನು ಒದಗಿಸಿರಲಿಲ್ಲ ಅನ್ನಿ. ನವೆಂಬರ್ ಬಂತೆಂದರೆ ನಮ್ಮ ಮನೆಗೆ ಫೋನು ಶುರು. ಯಾವ ವಾರ ಹೋದರೆ ಒಳ್ಳೆಯ ಹಿಮ ಸಿಗುತ್ತದೆ, ಬೆಟ್ಟ ಏರಿಸುವ ಲಿಫ್ಟಿನ ಟಿಕೆಟ್ಟು ಮೊದಲೇ ತೆಗೆಯಬೇಕೋ ಅಲ್ಲೇ ತೆಗೆಯಬೇಕೋ, ಹಿಮದಲ್ಲಿ ಜಾರದಂತೆ ಟೈರಿಗೆ ಹಾಕುವ ಚೈನು ಕೊಳ್ಳುವುದೋ ಸಾಲ ತರುವುದೋ, ಮಕ್ಕಳಿಗೆ ಮೊದಲು ಸ್ಕೀ ಕಲಿಸುವುದೋ ಸ್ನೋಬೋರ್ಡೋ. ನಾನು ಒಂದಕ್ಕೂ ತಡವರಿಸಿದವಳಲ್ಲ. ಅಡ್ಡ ಪ್ರಶ್ನೆ ಹಾಕಿದವರಿಗೂ ಉತ್ತರ ಇಟ್ಟುಕೊಂಡಿದ್ದೆ. ಮದುವೆಯಾಗದ ಪುರೋಹಿತರು ಊರಿಗೆಲ್ಲ ಮದುವೆ ಮಾಡಿಸುವುದಿಲ್ಲವೇ? ಮಂತ್ರ ಸ್ಪಷ್ಟವಾಗಿದ್ದರೆ ಸಾಕು.

ಇದೆಲ್ಲ ಶುರುವಾದದ್ದು ಕೋವಿಡ್ ಕಾಲದ ಚಳಿಗಾಲದಲ್ಲಿ. ಅಲ್ಲಿಯವರೆಗೆ ಡಿಸೆಂಬರ್ ರಜೆ ಎಂದರೆ ನಮಗೆ ಗದಗು. ವಿಮಾನಗಳು ನಿಂತವು, ಮಗಳು ಮನೆಯೊಳಗೆ ಲ್ಯಾಪ್‌ಟಾಪ್ ಮುಂದೆ ಬಾಡಿದಳು, ನಿರ್ಬಂಧ ಸಡಿಲವಾದ ಕೂಡಲೇ ಎಲ್ಲಿಗಾದರೂ ಸರಿ ಹೊರಗೆ ಹೋಗೋಣ ಎಂದಾಯಿತು. ನಾವಿರುವ ಸ್ಯಾನ್ ಡಿಯಾಗೊದ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸಿನಿಂದ ಅರ್ಧ ದಿನದೊಳಗೆ ಮುಟ್ಟಬಹುದಾದ ಹಿಮದ ಬೆಟ್ಟ ಬಿಗ್ ಬೇರ್. ಬೆಳಿಗ್ಗೆ ಸಮುದ್ರದಲ್ಲಿ ಸರ್ಫಿಂಗ್, ಮಧ್ಯಾಹ್ನ ಹಿಮದ ಮೇಲೆ ಸ್ಕೀಯಿಂಗ್ ಎಂದು ಈ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾವು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಚಿತ್ರಾನ್ನ ಎಂದು ಹೊರಟೆವು.

ಗದಗಿನಲ್ಲಿ ಬೆಳೆದವಳಿಗೆ ಹಿಮ ಎಂದರೆ ಐಸ್‌ಕ್ಯಾಂಡಿ ಡಬ್ಬಿಯ ಒಳಗೋಡೆಗೆ ಅಂಟಿಕೊಂಡಿರುತ್ತಿದ್ದ ಬಿಳಿ ಪದರ, ಅಷ್ಟೇ. ನಮ್ಮ ಭಾಷೆಗೂ ಈ ವಿಷಯದಲ್ಲಿ ಅನುಭವ ಸಾಲದು. ಮಳೆಗಾದರೆ ನಕ್ಷತ್ರಕ್ಕೊಂದು ಹೆಸರಿಟ್ಟು, ಅದರ ಗುಣಸ್ವಭಾವ ಬರೆದಿಟ್ಟು, ಮಗಿ ಮಳೆ ಹೀಗೆ, ಉತ್ತರಿ ಮಳೆ ಹಾಗೆ ಎಂದು ನೆಂಟರ ಬಗ್ಗೆ ಮಾತಾಡಿದಂತೆ ಮಾತಾಡುತ್ತೇವೆ. ಹಿಮದ ಮಾತು ಬಂದರೆ ‘ಮಂಜು’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಇಲ್ಲಿಯವರಲ್ಲಿ ಪುಡಿ ಹಿಮ ಬೇರೆ, ಒದ್ದೆ ಹಿಮ ಬೇರೆ, ಗಟ್ಟಿಯಾಗಿ ಜಾರುವ ಹಿಮ ಬೇರೆ. ಬಿಗ್ ಬೇರಿನಲ್ಲಂತೂ ಮೇಲಿಂದ ಬಿದ್ದದ್ದು ಸಾಲದೆ ಯಂತ್ರಗಳಿಂದ ಊದಿ ಹರಡುವ ಹಿಮವೇ ಬೇಕಾದಷ್ಟು. ಇದು ತಿಳಿದಾಗ ನನಗೆ ಧೈರ್ಯ ಬಂತು. ನಾವೂ ಹಿಮದ ನಾಡಿನವರಲ್ಲ, ಆ ಹಿಮವೂ ಪೂರ್ತಿ ಆಕಾಶದ್ದಲ್ಲ, ಒಬ್ಬರನ್ನೊಬ್ಬರು ಪ್ರಶ್ನಿಸುವ ಹಾಗಿಲ್ಲ.

ನಮ್ಮ ಜೊತೆ ಪ್ರತಿವರ್ಷ ಬರುವವರು ನಾಗರಾಜ್ ಮತ್ತು ವೀಣಾ. ಬೆಂಗಳೂರಿನವರು, ಲಾಸ್ ಏಂಜಲೀಸ್ ಕಡೆ ಆರ್ಟೀಸಿಯಾದ ಪಕ್ಕದಲ್ಲಿ ಮನೆ. ಅಲ್ಲಿನ ಭಾರತೀಯ ಅಂಗಡಿಸಾಲು ಹತ್ತಿರವಿರುವ ಕಾರಣ ತರಕಾರಿ, ಕೋಡುಬಳೆ, ಮೈಸೂರುಪಾಕು ಅವರ ಖಾತೆ. ಯೋಜನೆ ನನ್ನ ಖಾತೆ. ನಾಗರಾಜ್ ಟೆಲಿಕಾಂ ಎಂಜಿನಿಯರ್, ಉಪಗ್ರಹಗಳ ಜೊತೆ ದಿನವಿಡೀ ಮಾತುಕತೆ, ಆದರೆ ರಾಹುಕಾಲದಲ್ಲಿ ಗ್ಯಾರೇಜಿನ ಬಾಗಿಲು ತೆಗೆಯುವವರಲ್ಲ. ಶುಕ್ರವಾರ ರಜೆ ಹಾಕಿ ಬೇಗ ಹೊರಡೋಣ ಎಂದರೆ ಬೇಗ ಹೊರಡಲು ಅವರಿಗೆ ಕಾಫಿ ಮುಗಿದಿರುವುದಿಲ್ಲ, ಕಾಫಿ ಮುಗಿಯುವಷ್ಟರಲ್ಲಿ ರಾಹು ಬಂದಿರುತ್ತಾನೆ, ರಾಹು ಹೋಗುವಷ್ಟರಲ್ಲಿ ಊಟದ ಹೊತ್ತು. ಊಟ ಮಾಡಿ ಹೊರಟರೆ ವಾರಾಂತ್ಯದ ಟ್ರಾಫಿಕ್ಕಿಗೆ ನೇರವಾಗಿ ಮುಖ ಕೊಟ್ಟಂತೆ. ನಾವು ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿ ಅವರಿಗಾಗಿ ಕಾಯುತ್ತ ನಿಲ್ಲುವುದು ವಾಡಿಕೆಯಾಯಿತು. ರಾಹುಕಾಲ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ನೀವು ಬರುವ ತೊಂಬತ್ತೊಂದನೇ ಹೆದ್ದಾರಿಯ ಮೇಲಿನದು ಮುಗಿಯುವುದಿಲ್ಲ ಎಂದು ಒಮ್ಮೆ ಹೇಳಿ ನೋಡಿದೆ. ಅವರು ಅದನ್ನು ಗ್ರಹಚಾರದ ಇನ್ನೊಂದು ಪುರಾವೆಯೆಂದು ಒಪ್ಪಿಕೊಂಡರು.

ಇನ್ನು ಮನೆ ಹುಡುಕುವ ಶಾಸ್ತ್ರ. ಬೇರೆಯವರು ಬಾಡಿಗೆಗೆ ಕ್ಯಾಬಿನ್ ಹಿಡಿಯುವಾಗ ಇಳಿಜಾರಿಗೆ ಎಷ್ಟು ಹತ್ತಿರ, ಬಿಸಿನೀರಿನ ತೊಟ್ಟಿ ಇದೆಯೇ ಎಂದು ನೋಡುತ್ತಾರಂತೆ. ನಾನು ಅಡುಗೆಮನೆಯ ಫೋಟೋ ದೊಡ್ಡದು ಮಾಡಿ ನೋಡುತ್ತೇನೆ. ಒಲೆಗೆ ನಾಲ್ಕು ಬರ್ನರ್ ಇರಬೇಕು, ಹೊಗೆ ಹೊರಗೆ ಹೋಗಬೇಕು, ಒಗ್ಗರಣೆಗೆ ಕಿರುಚುವ ಹೊಗೆ ಅಲಾರಂ ತುಸು ದೂರದಲ್ಲಿರಬೇಕು. ಮೊದಲನೇ ವರ್ಷ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಒಯ್ದು ಕೆಟ್ಟೆವು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಪೂರ್ತಿ ಕಾಯುವ ಮೊದಲೇ ಕುದಿಯಲು ಶುರುಮಾಡುತ್ತದೆ, ಅಕ್ಕಿ ಬೇಯುವುದಿಲ್ಲ. ಹೈಸ್ಕೂಲಿನಲ್ಲಿ ಇದನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಅಂದು ಅರೆಬೆಂದ ಅನ್ನಕ್ಕೆ ಸಾರು ಕಲಸುವಾಗ ಪಾಠ ನೆನಪಾಯಿತು. ಮುಂದಿನ ವರ್ಷದಿಂದ ಪ್ರೆಷರ್ ಕುಕ್ಕರ್ ಜೊತೆಗೆ ಬಂತು. ಪೈನ್ ಮರಗಳ ನಡುವೆ ಅದು ಸೀಟಿ ಹಾಕಿದಾಗ ಪಕ್ಕದ ಕ್ಯಾಬಿನ್ನಿನವರು ಕಿಟಕಿ ತೆಗೆದು ನೋಡುತ್ತಾರೆ, ನಾನು ಕೈಬೀಸುತ್ತೇನೆ.

ಇಷ್ಟೆಲ್ಲ ಅಚ್ಚುಕಟ್ಟಾದ ಯೋಜನೆಯಲ್ಲಿ ಒಂದೇ ಒಂದು ಕೊರತೆ ಇತ್ತು. ಬಿಸಿ ತಿಂಡಿ, ಎರಡನೇ ಕಾಫಿ, ಮಧ್ಯಾಹ್ನದ ಬುತ್ತಿ ಎಲ್ಲ ಮುಗಿಸಿ ನಾವು ಬೆಟ್ಟ ಮುಟ್ಟುವ ಹೊತ್ತಿಗೆ ಬೆಳಿಗ್ಗೆಯೇ ಬಂದವರು ಅರ್ಧ ಆಟ ಮುಗಿಸಿ ಬೂಟು ಬಿಚ್ಚುತ್ತಿರುತ್ತಿದ್ದರು. ನಮ್ಮ ಮಗಳು ಮೇಧಾ ಒಬ್ಬಳೇ ತನ್ನ ಬೋರ್ಡು ಹಿಡಿದು ಲಿಫ್ಟಿನ ಕಡೆ ಓಡುತ್ತಿದ್ದಳು. ನಾವು ದೊಡ್ಡವರು ಕೆಳಗೆ ಬೆಂಚು ಹಿಡಿದು, ಥರ್ಮಾಸ್ ತೆರೆದು, ಅವಳು ಇಳಿದು ಬಂದಾಗಲೆಲ್ಲ ಕೈಬೀಸಿ ಫೋಟೋ ತೆಗೆಯುತ್ತಿದ್ದೆವು. ಇದನ್ನೇ ನಾನು ಸ್ಕೀ ಪ್ರವಾಸ ಎಂದು ತಿಳಿದಿದ್ದೆ.

ಕಳೆದ ಚಳಿಗಾಲದ ಯೋಜನೆ ಶುರುವಾದಾಗ ಮೇಧಾ ಹನ್ನೆರಡನೇ ತರಗತಿಯಲ್ಲಿದ್ದಳು. ಕಾಲೇಜಿಗೆಂದು ಅಪ್ಲೈ ಮಾಡಿದ್ದೆಲ್ಲ ದೇಶದ ಆಚೆ ತುದಿಯ ಪೂರ್ವ ಕರಾವಳಿಗೆ. ಎಲ್ಲಿ ಸಿಗುತ್ತದೋ ಗೊತ್ತಿರಲಿಲ್ಲ, ದೂರ ಎಂಬುದು ಮಾತ್ರ ಖಚಿತವಾಗಿತ್ತು. ನಾನು ಕ್ಯಾಬಿನ್ನಿನ ಒಲೆ ನೋಡುತ್ತ ಕೂತಿದ್ದಾಗ ಅವಳು ಬಂದು, “ಅಮ್ಮಾ, ದಿಸ್ ಇಯರ್ ಐ ವಿಲ್ ಸ್ಕಿಪ್. ಫ್ರೆಂಡ್ಸ್ ಜೊತೆ ಹೋಗ್ತೀನಿ” ಎಂದಳು.

ಅವಳು ‘ಹೋಗ್ತೀನಿ’ ಎಂದು ಕನ್ನಡದಲ್ಲಿ ಹೇಳಿದ್ದರಿಂದಲೇ ವಿಷಯ ಗಂಭೀರವಾಗಿದೆ ಎಂದು ಗೊತ್ತಾಯಿತು. ನನಗೆ ಬಹಳ ಬೇಸರವಾಯಿತು. ಮನೆ ಬಿಡುವ ಮೊದಲಿನ ಕೊನೆಯ ಹಿಮ, ಅದೂ ನಮ್ಮ ಜೊತೆಯಲ್ಲಿ ಬೇಡವೇ? ಕಾರಣ ಕೇಳಿದೆ. ಅವಳು ಸಿಟ್ಟಿಲ್ಲದೆ, ಸಮಾಧಾನವಾಗಿ ಹೇಳಿದಳು: ನಾವು ಯಾವತ್ತೂ ಲಿಫ್ಟ್ ಶುರುವಾಗುವ ಹೊತ್ತಿಗೆ ಹೋಗಿಲ್ಲ, ಮೇಲೆ ಹೋಗುವುದೂ ಅವಳೊಬ್ಬಳೇ, ಇಳಿಯುವುದೂ ಅವಳೊಬ್ಬಳೇ, ಕೆಳಗೆ ನಾವು ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವವರ ಹಾಗೆ ಕೈಬೀಸುತ್ತಿರುತ್ತೇವೆ. ಆಗಸ್ಟಿನಲ್ಲಿ ಕಾಲೇಜಿಗೆ ಹೊರಡುವಾಗ ಅದು ಹೇಗೂ ಇದ್ದೇ ಇದೆ ಎಂದಳು.

ಯೋಜನೆ ಹಾಕುವವರಿಗೆ ಒಂದು ಗುಣವಿರುತ್ತದೆ. ಅಳು ಬಂದರೂ ಮೊದಲು ಕ್ಯಾಲೆಂಡರ್ ತೆಗೆಯುತ್ತೇವೆ. ನಿನಗೆ ಏನು ಬೇಕು ಹೇಳು ಎಂದೆ. ಎರಡು ಷರತ್ತು ಬಂದವು. ಬೆಟ್ಟದ ಬಾಗಿಲು ತೆಗೆಯುವಾಗ ನಾವು ಅಲ್ಲಿರಬೇಕು. ನಾನು ಸ್ಕೀ ತೊಟ್ಟು ಅವಳ ಜೊತೆ ಲಿಫ್ಟಿನಲ್ಲಿ ಮೇಲೆ ಬರಬೇಕು. ಎರಡಕ್ಕೂ ಆಗಲಿ ಎಂದೆ. ಎರಡನೆಯದರ ಅರ್ಥ ನನಗಾಗ ಪೂರ್ತಿ ಹೊಳೆದಿರಲಿಲ್ಲ.

ಮೊದಲ ಷರತ್ತಿಗೆ ತಿಂಡಿಯನ್ನೇ ರದ್ದು ಮಾಡಬೇಕಾಯಿತು. ಊರಿಂದ ಬಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಕಾರಿನಲ್ಲೇ ತಿನ್ನುವುದು ಎಂದು ಗುಂಪಿಗೆ ಮೆಸೇಜ್ ಹಾಕಿದೆ. ವೀಣಾ ಕೂಡಲೇ ಫೋನ್ ಮಾಡಿದರು.

“ಏನ್ರೀ ಇದು, ಬಿಸಿ ತಿಂಡಿ ಇಲ್ವಾ? ಒಣ ರೊಟ್ಟಿ ತಿಂದ್ಕೊಂಡು ಆ ಚಳೀಲಿ ಹೊರಡಿ ಅಂದ್ರೆ ಇವ್ರು ಬರೋದೇ ಇಲ್ಲ.”

“ಬರ್ತಾರ್ರಿ ವೀಣಾ. ಕಾಫಿ ಫ್ಲಾಸ್ಕಿನ್ಯಾಗ ಹಾಕಿ ಕೈಯಾಗ ಕೊಟ್ಬಿಡೋಣು. ಮೇಧಾ ಬರಬೇಕಂದ್ರ ಇದೊಂದ ದಾರಿ ಐತಿ.”

ಅದಕ್ಕವರು, ಹಾಗಾದರೆ ಗುರುವಾರ ಸಂಜೆಯೇ ಹೊರಟು ಬರುತ್ತೇವೆ, ರಾಹುಕಾಲವನ್ನು ಬೆಟ್ಟದ ಮೇಲೇ ಕಳೆಯಬಹುದು ಎಂದರು. ಇಷ್ಟು ವರ್ಷ ನನಗೆ ಹೊಳೆಯದ ಪರಿಹಾರ ಅದು.

ಎರಡನೇ ಷರತ್ತಿಗೆ ನಾನೊಬ್ಬಳೇ ಬಲಿಯಾಗುವುದು ನ್ಯಾಯವಲ್ಲವೆಂದು ನನ್ನ ಗಂಡ ಗಿರೀಶರನ್ನೂ ನಾಗರಾಜರನ್ನೂ ಸೇರಿಸಿ ಮೂವರಿಗೂ ಕಲಿಕೆಯ ಪಾಠ ಬುಕ್ ಮಾಡಿದೆ. ಬಟ್ಟೆ ಕೊಳ್ಳುವ ಪ್ರಶ್ನೆಯಿರಲಿಲ್ಲ. ಸ್ಯಾನ್ ಡಿಯಾಗೊದಲ್ಲಿ ಸ್ವೆಟರೇ ಹೆಚ್ಚು, ಹಾಗಾಗಿ ನಮ್ಮ ಕನ್ನಡದ ಮನೆಗಳ ನಡುವೆ ಹಿಮದ ಬಟ್ಟೆಗಳು ಕೈಯಿಂದ ಕೈಗೆ ಸಂಚಾರದಲ್ಲಿರುತ್ತವೆ. ನನ್ನ ಪಾಲಿಗೆ ಒಂದು ನೇರಳೆ ಜಾಕೆಟ್ ಬಂತು. ಅದು ಏರಿದಷ್ಟು ಬೆಟ್ಟವನ್ನು ಅದನ್ನು ತೊಟ್ಟವರು ಯಾರೂ ಏರಿರಲಿಕ್ಕಿಲ್ಲ. ಒಳಜೇಬಿನಲ್ಲಿ ಯಾರದೋ ಅಡಿಕೆಪುಡಿಯ ಪೊಟ್ಟಣ ಸಿಕ್ಕಿತು, ಅಲ್ಲೇ ಬಿಟ್ಟೆ. ಗಿರೀಶ ತಮ್ಮ ಪಾಲಿನ ತಯಾರಿಯೆಂದು ಮನೆಯ ಮುಂದೆ, ಸುಡುವ ಬಿಸಿಲಿನಲ್ಲಿ, ಟೈರಿಗೆ ಚೈನು ಹಾಕುವ ಅಭ್ಯಾಸ ನಡೆಸಿದರು. ಚಡ್ಡಿಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಪಕ್ಕದ ಮನೆಯಾತ ನಿಂತು ಆಕಾಶ ನೋಡಿ, ಹಿಮ ಬೀಳಲಿದೆಯೇ ಎಂದು ವಿನಯದಿಂದ ವಿಚಾರಿಸಿದ. ಇವರು ಅಷ್ಟೇ ವಿನಯದಿಂದ, ಮುಂದಿನ ವಾರ ಎಂದರು.

ಆ ಬೆಳಿಗ್ಗೆ ಲಿಫ್ಟಿನ ಗೇಟು ತೆಗೆಯುವಾಗ ನಾವು ಅಲ್ಲಿದ್ದೆವು. ಮೇಧಾ ನಮ್ಮನ್ನು ನೋಡಿ, ಗೇಟನ್ನು ನೋಡಿ, ನಕ್ಕು ಹೋದಳು. ನಾವು ಮೂವರು ಪಾಠಕ್ಕೆ ನಿಂತೆವು. ಸಹಪಾಠಿಗಳೆಲ್ಲ ನಮ್ಮ ಸೊಂಟದೆತ್ತರದವರು. ಮುಂದಿನ ತುದಿಗಳನ್ನು ಹತ್ತಿರ ತಂದು ಪಿಜ್ಜಾ ತುಂಡಿನ ಆಕಾರ ಮಾಡಿದರೆ ಸ್ಕೀ ನಿಲ್ಲುತ್ತದೆ ಎಂದು ಕಲಿಸುವ ಹುಡುಗಿ ತೋರಿಸಿದಳು. ಚಿಕ್ಕವರು ಮಾಡಿದರು, ನಿಂತರು. ನಾನು ಮಾಡಿದೆ, ನಾಗರಾಜರ ಬೆನ್ನಿಗೆ ಹೋಗಿ ನಿಂತೆ. ಹೆದರಿ ಹಿಂದಕ್ಕೆ ವಾಲಿದರೆ ಹಿಡಿತ ತಪ್ಪುತ್ತದೆ, ಇಳಿಜಾರಿನ ಕಡೆಗೇ ಬಾಗಬೇಕು ಎಂದು ಆಕೆ ಹೇಳಿಕೊಟ್ಟಳು. ಮೈ ಒಪ್ಪದ ಮಾತು ಅದು, ಆದರೆ ಊಟದ ಹೊತ್ತಿಗೆ ಒಪ್ಪಿಸಿಬಿಟ್ಟೆ. ಬಿದ್ದದ್ದಕ್ಕೆ ಲೆಕ್ಕವಿಲ್ಲ, ಎದ್ದದ್ದಕ್ಕೂ ಇಲ್ಲ.

ಮಧ್ಯಾಹ್ನ ಮೇಧಾ ಬಂದು ನನ್ನನ್ನು ಕರೆದುಕೊಂಡು ಹೊರಟಳು. ಕಲಿಯುವವರ ಇಳಿಜಾರಿಗೆ ಹೋಗುವ ಹಳೆಯ ಲಿಫ್ಟು ಅದು, ಇಬ್ಬಿಬ್ಬರು ಕೂರುವ ಕುರ್ಚಿಗಳು. ಮುಂದಿನ ಕುರ್ಚಿಯಲ್ಲಿ ಗಿರೀಶ, ನಾಗರಾಜ್. ಕೆಳಗೆ ಥರ್ಮಾಸ್ ಕಾಯುತ್ತ ವೀಣಾ ಒಬ್ಬರೇ ಕೈಬೀಸಿದರು. ಕುರ್ಚಿ ಹಿಂದಿನಿಂದ ಬಂದು ಮೊಣಕಾಲಿಗೆ ಬಡಿದು ನಮ್ಮನ್ನು ಎತ್ತಿಕೊಂಡಿತು. ಅರ್ಧ ದಾರಿ ಏರಿ, ಮರಗಳ ತುದಿಯ ಮಟ್ಟಕ್ಕೆ ಬಂದಾಗ ಒಮ್ಮೆ ಜೋಲಿ ಹೊಡೆದು ನಿಂತುಬಿಟ್ಟಿತು.

ಗಾಳಿ ಬಿಟ್ಟರೆ ಸದ್ದಿಲ್ಲ. ಕೈಗವಸಿನಲ್ಲಿ ಫೋನು ಮುಟ್ಟುವಂತಿಲ್ಲ, ಎದ್ದು ಹೋಗುವಂತಿಲ್ಲ, ಬಾಗಿಲು ಹಾಕಿಕೊಳ್ಳುವಂತಿಲ್ಲ. ಹದಿನೇಳರ ಮಗಳ ಪಕ್ಕದಲ್ಲಿ ನಾನು ಹೀಗೆ ಕೂತು ವರ್ಷಗಳಾಗಿದ್ದವು. ಅವಳು ಕಾಲಿಗೆ ಕಟ್ಟಿದ್ದ ಬೋರ್ಡನ್ನು ಅಲ್ಲಾಡಿಸುತ್ತ, ನನ್ನ ಕಡೆ ನೋಡದೆ, ತಾನು ಅಷ್ಟು ದೂರದ ಕಾಲೇಜುಗಳಿಗೆ ಅಪ್ಲೈ ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ ಎಂದಳು. ಎಲ್ಲರೂ ತನ್ನನ್ನು ಬಹಳ ಧೈರ್ಯದವಳು ಅಂದುಕೊಂಡಿದ್ದಾರೆ, ಹಾಗೇನೂ ಇಲ್ಲ ಎಂದಳು.

ನನ್ನ ತಲೆಯಲ್ಲಿ ಆಗಲೇ ಹತ್ತು ಪರಿಹಾರ ತಯಾರಾಗಿದ್ದವು. ಆದರೆ ಅಷ್ಟು ಎತ್ತರದಲ್ಲಿ, ಆ ನೇರಳೆ ಜಾಕೆಟ್ಟಿನಲ್ಲಿ, ಸಲಹೆ ಕೊಡುವ ಗತ್ತು ಬರಲಿಲ್ಲ.

“ನನಗೂ ಅಂಜಿಕಿ ಆಗೇತವಾ” ಎಂದೆ.

“ಹೈಟ್‌ಗಾ?”

“ಅದಕ್ಕಲ್ಲ.”

“ಗೊತ್ತು” ಎಂದಳು. ಆಮೇಲೆ ನನ್ನ ಭುಜಕ್ಕೆ ತಲೆ ಒರಗಿಸಿದಳು, ಹೆಲ್ಮೆಟ್ ಸಮೇತ. ನೋವಾಯಿತು, ಅಲುಗಾಡಲಿಲ್ಲ. ಐದು ಚಳಿಗಾಲ ನಾನು ಹಾಕಿದ ಯೋಜನೆಗಳಲ್ಲಿ ಇಷ್ಟು ಸೊಗಸಾದದ್ದು ಒಂದೂ ಇರಲಿಲ್ಲ. ಇದನ್ನಂತೂ ನಾನು ಹಾಕಿರಲೇ ಇಲ್ಲ.

ಕುರ್ಚಿ ಮತ್ತೆ ಹೊರಟು ತುದಿ ಮುಟ್ಟಿದಾಗ ಸಂಗತಿ ತಿಳಿಯಿತು. ಗಿರೀಶ ಇಳಿಯುವಾಗ ಉರುಳಿ, ಜೊತೆಗೆ ನಾಗರಾಜರನ್ನೂ ಎಳೆದುಕೊಂಡು ದಾರಿಗೆ ಅಡ್ಡ ಮಲಗಿದ್ದರು. ಇಬ್ಬರನ್ನೂ ಬಿಡಿಸಿ ಬದಿಗೆ ಕೂರಿಸುವ ತನಕ ಲಿಫ್ಟು ನಿಲ್ಲಿಸಿದ್ದರಂತೆ. ಇಬ್ಬರಿಗೂ ಏನೂ ಆಗಿರಲಿಲ್ಲ. “ನನ್ನಿಂದ ನೀವಿಬ್ಬರೂ ಗಾಳ್ಯಾಗ ಜೋತಾಡಬೇಕಾತು, ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಗಿರೀಶ ಹಿಮ ಕೊಡವಿಕೊಳ್ಳುತ್ತ ಹೇಳಿದರು. ಮೇಧಾ ನನ್ನ ಮುಖ ನೋಡಿದಳು. ನಾನು ಪಿಜ್ಜಾ ಮಾಡಿಕೊಂಡು ಅವಳ ಜೊತೆ ಕೆಳಗಿಳಿದೆ, ಹೆಚ್ಚಿನ ಭಾಗ ಕಾಲಿನ ಮೇಲೆಯೇ.

ಆಗಸ್ಟಿನಲ್ಲಿ ಅವಳು ಹೋದಳು. ವಿಮಾನ ನಿಲ್ದಾಣದಲ್ಲಿ ಕೈಬೀಸಿದೆವು, ಅದರಲ್ಲಿ ನಮಗೆ ಒಳ್ಳೆಯ ಅಭ್ಯಾಸವಿತ್ತು. ಈಗ ಮತ್ತೆ ನವೆಂಬರ್, ಫೋನುಗಳು ಶುರುವಾಗಿವೆ. ಮೊದಲು ಬಂದದ್ದು ಅವಳದೇ: ರಜೆಗೆ ಬರುತ್ತೇನೆ, ಬಿಗ್ ಬೇರ್ ಬುಕ್ ಮಾಡಿದೆಯಾ, ಗುರುವಾರ ಹೊರಡುವುದು ತಾನೇ? ಬುಕ್ ಮಾಡಿದ್ದೇನೆ. ಒಲೆಗೆ ಎರಡೇ ಬರ್ನರ್, ಪರವಾಗಿಲ್ಲ. ಗಿರೀಶ ಮಾತ್ರ ಹೋದ ಸಲದ ಅವಮಾನ ಮರೆತಿಲ್ಲ. ಈ ಸಲ ಲಿಫ್ಟಿನಿಂದ ಇಳಿಯುವುದನ್ನು ಸರಿಯಾಗಿ ಕಲಿಯಬೇಕು, ಇನ್ನೊಂದು ಪಾಠಕ್ಕೆ ಹೆಸರು ಕೊಡು ಎಂದು ದಿನವೂ ನೆನಪಿಸುತ್ತಿದ್ದಾರೆ. ಕೊಡುತ್ತೇನೆ ಎನ್ನುತ್ತಿದ್ದೇನೆ, ಇನ್ನೂ ಕೊಟ್ಟಿಲ್ಲ. ಅವರು ನಮ್ಮ ಮುಂದಿನ ಕುರ್ಚಿಯಲ್ಲೇ ಕೂರುವಂತೆ ಏರ್ಪಾಡು ಮಾತ್ರ ಮಾಡಿಟ್ಟಿದ್ದೇನೆ.