ನನಗೆ ಅಂಟಿದ ‘ದಿ.’

ನಮ್ಮ ಸಿವಿಲ್ ವಿಭಾಗದ ಪ್ರೊಫೆಸರರೊಬ್ಬರಿಗೆ ಹತ್ತಕ್ಕೆ ಆರು ಅಂಕ ಕೊಡಬೇಕೆಂದರೆ ಜೀವ ಹೋಗುತ್ತಿತ್ತು. ಜೀವ ಹೋದ ಮೇಲೆಯೇ ಅವರ ಕೈ ಸಡಿಲಾದದ್ದು. ಅವರ ಹೆಂಡತಿ ಗದಗಿನ ನಮ್ಮ ಕಾಲೇಜಿನಲ್ಲಿ ಅವರ ಹೆಸರಿನಲ್ಲೊಂದು ಸ್ಮಾರಕ ಫೆಲೋಶಿಪ್ ಇಟ್ಟರು. ಎಂ.ಟೆಕ್. ಓದುವವರಲ್ಲಿ ಎಲ್ಲರಿಗಿಂತ ಮುಂದಿರುವವರಿಗೆ ಅದು. ಮೊದಲ ವರ್ಷವೇ ನನಗೆ ಬಂತು. ಅವರಿದ್ದಿದ್ದರೆ ಖಂಡಿತ ತಕರಾರು ತೆಗೆಯುತ್ತಿದ್ದರು.

ಸಮಾರಂಭಕ್ಕೆ ನಾಲ್ಕು ದಿನವಿರುವಾಗ ಆಮಂತ್ರಣ ಪತ್ರಿಕೆ ಬಂತು. ಒಂದನ್ನು ಹಿಡಿದು ಮುಳಗುಂದದ ಬಸ್ಸು ಹತ್ತಿದೆ. ಮನೆಯಲ್ಲಿ ಅವ್ವ ಅಕ್ಷರ ಅಕ್ಷರ ಹಿಡಿದು ಓದುತ್ತ ನನ್ನ ಹೆಸರಿಗೆ ಬಂದು ನಿಂತಳು. ಹೆಸರಿನ ಮುಂದೆ ‘ದಿ.’ ಎಂದಿತ್ತು. ದಿನಾಂಕದ ‘ದಿ.’ ಅಲ್ಲ, ದಿವಂಗತರ ‘ದಿ.’. ಬೆಟಗೇರಿಯ ಪ್ರೆಸ್ಸಿನವನು ಪ್ರೊಫೆಸರರ ಹೆಸರಿಗೆ ಹಚ್ಚಬೇಕಾದದ್ದನ್ನು ಒಂದು ಸಾಲು ಕೆಳಗಿಳಿಸಿದ್ದ. ಹೀಗಾಗಿ ಅವರು ಬದುಕಿದ್ದರು, ನಾನು ತೀರಿಕೊಂಡಿದ್ದೆ.

“ಇಷ್ಟ ಓದಿ, ಸತ್ತೀನಿ ಅಂತ ಛಾಪಿಸ್ಕೊಂಡ ಬಂದಿ?” ಎಂದಳು ಅವ್ವ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇದನ್ನು ತಿದ್ದಿಸುವವರೆಗೆ ಸಮಾರಂಭಕ್ಕೆ ತಾನೂ ಬರುವುದಿಲ್ಲ, ನನ್ನನ್ನೂ ಕಳಿಸುವುದಿಲ್ಲ ಎಂದು ಹಟ ಹಿಡಿದಳು. ನನಗೆ ಶಕುನ ಗಿಕುನದಲ್ಲಿ ನಂಬಿಕೆಯಿಲ್ಲ. ಆದರೂ ಬದುಕಿರುವಾಗಲೇ ನನ್ನ ಸಾವನ್ನು ಊರಿಗೆಲ್ಲ ಹಂಚುತ್ತಾರೆಂದರೆ ಮೈ ಉರಿಯದೇ ಇರುತ್ತದೆಯೇ?

ಮರುದಿನ ವಿಭಾಗದ ಆಫೀಸಿನಲ್ಲಿ ಜಗಳ ತೆಗೆದೆ. ಪತ್ರಿಕೆ ಮಾಡಿಸಿದ್ದು ಪ್ರೊಫೆಸರರ ಹೆಂಡತಿ, ಅವರನ್ನೇ ಕೇಳು ಎಂದು ಕೈತೊಳೆದುಕೊಂಡರು. ಅದೇ ಸಿಟ್ಟಿನಲ್ಲಿ ಅವರ ಮನೆಗೆ ಹೋದೆ.

ಅವರು ಕೂರಿಸಿ ಚಹಾ ಕೊಟ್ಟರು. ತಪ್ಪನ್ನು ನಾನು ತೋರಿಸುವ ಮೊದಲೇ ಅವರು ನೋಡಿದ್ದರು.

“ನಿಂದು ತಿದ್ದೋಣವಾ. ಅವರದು ಹಂಗ ಇರ್ಲಿ,” ಎಂದರು. “ವರ್ಷಾತು, ಅವರ ಹೆಸರು ಎಲ್ಲಿ ಬಂದ್ರೂ ಮುಂದ ಆ ಅಕ್ಷರ ಬರತೈತಿ. ಇದೊಂದರಾಗ ಬಿಟ್ಟೈತಿ.”

ನನ್ನ ಸಿಟ್ಟೆಲ್ಲ ಇಳಿಯಿತು. ಇಬ್ಬರೂ ಕುಳಿತು ಉಳಿದ ಪತ್ರಿಕೆಗಳಲ್ಲೆಲ್ಲ ನನ್ನ ‘ದಿ.’ಗೆ ಬಿಳಿ ಶಾಯಿ ಬಳಿದೆವು. ಅವ್ವ ಒಂದನ್ನು ಬಿಸಿಲಿಗೆ ಹಿಡಿದು ನೋಡಿ, ಆತು ಎಂದು ಒಪ್ಪಿದಳು. ಪ್ರೊಫೆಸರರ ಹೆಸರನ್ನು ನಾವು ಮುಟ್ಟಲಿಲ್ಲ.

ಸಮಾರಂಭದ ನಿರೂಪಣೆಗೆ ನಿಂತವರು ಅದೇ ವಾರ ಕೆಲಸಕ್ಕೆ ಸೇರಿದ್ದ ಉಪನ್ಯಾಸಕರು. ಪತ್ರಿಕೆಯಲ್ಲಿ ‘ಸ್ಮಾರಕ’ ಎಂದು ದಪ್ಪಕ್ಷರದಲ್ಲಿದ್ದರೂ ಅವರ ಕಣ್ಣು ಹೋದದ್ದು ‘ದಿ.’ ಇಲ್ಲದ ಹೆಸರಿನ ಮೇಲೆಯೇ. ಮಾನ್ಯ ಪ್ರೊಫೆಸರರು ದಯವಿಟ್ಟು ವೇದಿಕೆಗೆ ಆಗಮಿಸಬೇಕು ಎಂದು ಕರೆದೇಬಿಟ್ಟರು. ಪ್ರಿನ್ಸಿಪಾಲರು ತಮ್ಮ ಬೂಟು ನೋಡತೊಡಗಿದರು. ಆ ಹೆಸರನ್ನೂ ತಿದ್ದಿದ್ದರೆ ಈ ತಾಯಿಗೆ ಇದು ತಪ್ಪುತ್ತಿತ್ತಲ್ಲ ಎಂದು ನನಗೆ ಎನಿಸಿತು. ಅವರು ಮುಂದಿನ ಸಾಲಿನಿಂದ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಅವ್ರು ಎಂದೂ ಟೈಮಿಗೆ ಬಂದವರಲ್ರಿ. ನೀವು ಚಾಲೂ ಮಾಡ್ರಿ.”