ಸೊಸೆಯ ಸೈಕಲ್ಲಿಗೆ ಆಯುಧ ಪೂಜೆ

ಹೋದ ವರ್ಷದ ಆಯುಧ ಪೂಜೆಯ ದಿನ ನಾನು ಮಾಡಿದ ಒಂದು ಕೆಲಸವನ್ನು ನೆನೆಸಿಕೊಂಡರೆ ಇವತ್ತಿಗೂ ಕೈಕಾಲು ತಣ್ಣಗಾಗುತ್ತವೆ. ಯಾರಿಗೂ ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಪ್ರೀತಿಯಿಂದಲೇ ಮಾಡಿದ್ದು. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಅದರಲ್ಲಿ ಸೇರಿತ್ತು.

ನಾವು ಮೈಸೂರು ಕಡೆಯವರು. ನಮ್ಮ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು, ಈಗ ನಿವೃತ್ತರು. ಮದುವೆಯಾಗಿ ಚೆನ್ನೈಗೆ ಬಂದಾಗಿನಿಂದ ನಾನು ರಾಯಪುರಂ ಬಿಟ್ಟು ಬೇರೆ ಕಡೆ ಮನೆ ಮಾಡಿಲ್ಲ. ಹತ್ತು ನಿಮಿಷ ನಡೆದರೆ ಸಮುದ್ರ. ಆ ಉಪ್ಪು ಗಾಳಿಗೆ ನಮ್ಮ ಮನೆಯಲ್ಲಿ ತುಕ್ಕು ಹಿಡಿಯದ ಸಾಮಾನೇ ಇಲ್ಲ. ಕಿಟಕಿ ಸರಳು, ಬೀರುವಿನ ಬಾಗಿಲು, ಈಳಿಗೆ ಮಣೆ, ಹೊಲಿಗೆ ಯಂತ್ರ, ಎಲ್ಲಕ್ಕೂ ನನ್ನದು ಒಂದೇ ಮದ್ದು. ಹಳೆಯ ಬನಿಯನ್ ಚೂರಿನಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಒರೆಸಿಬಿಡುವುದು. ಸುಮ್ಮನೆ ಕೂತಿದ್ದರೆ ತಮಗೂ ಒಂದು ಕೋಟು ಎಣ್ಣೆ ಬೀಳುತ್ತದೆ ಎಂದು ಯಜಮಾನರು ಆಡಿಕೊಳ್ಳುತ್ತಿದ್ದರು.

ಒಬ್ಬನೇ ಮಗ ರಘು ಸರಕು ಹಡಗಿನಲ್ಲಿ ಎಂಜಿನಿಯರ್. ಆರು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಅವನು ಮೆಚ್ಚಿ ಮದುವೆಯಾದ ಹುಡುಗಿ ಕಯಲ್, ತಮಿಳಿನವಳು, ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮದುವೆಯಾಗಿ ಎರಡೇ ತಿಂಗಳಿಗೆ ಅವನು ಹಡಗು ಹತ್ತಿ ಹೋದ. ಉಳಿದವರು ನಾವು ಮೂವರು. ಕಯಲ್‌ಗೆ ಕನ್ನಡ ಅರ್ಧ ಬರುತ್ತಿತ್ತು, ನನಗೆ ತಮಿಳು ಮುಕ್ಕಾಲು. ನಮ್ಮಿಬ್ಬರ ನಡುವೆ ಜಗಳಕ್ಕೆ ಕಾರಣವಿರಲಿಲ್ಲ, ಸಲಿಗೆಗೂ ಕಾರಣವಿರಲಿಲ್ಲ. ಊಟಕ್ಕೆ ಏನು ಮಾಡಲಿ ಎಂದರೆ ಏನಾದರೂ ಸರಿ ಅನ್ನುತ್ತಿದ್ದಳು. ಅಷ್ಟು ಒಳ್ಳೆಯತನ ನನಗೆ ಕಷ್ಟವಾಗುತ್ತಿತ್ತು.

ಆಮೇಲೆ ಮನೆಗೆ ಪಾರ್ಸೆಲ್‌ಗಳು ಬರತೊಡಗಿದವು. ಒಂದರಲ್ಲಿ ಬರೀ ಚೌಕಟ್ಟು, ಒಂದರಲ್ಲಿ ಮುಂದಿನ ಚಕ್ರ ಹಿಡಿಯುವ ಫೋರ್ಕ್, ಒಂದರಲ್ಲಿ ಹಲ್ಲಿನ ಚಕ್ರಗಳು. ಬೆಟ್ಟಗುಡ್ಡದ ಕಲ್ಲುದಾರಿಯಲ್ಲಿ ಓಡಿಸುವ ಸೈಕಲ್ಲನ್ನು ತಾನೇ ಜೋಡಿಸುವುದು ಅವಳಿಗೆ ಕಾಲೇಜಿನ ದಿನಗಳಿಂದಲೂ ಇದ್ದ ಆಸೆಯಂತೆ. ನಮ್ಮ ಹಾಲ್‌ನಲ್ಲಿ ನನ್ನ ಹೊಲಿಗೆ ಯಂತ್ರದ ಪಕ್ಕ ಒಂದು ಸ್ಟ್ಯಾಂಡ್ ನಿಲ್ಲಿಸಿ, ಡ್ಯೂಟಿ ಮುಗಿಸಿ ಬಂದು ಅಲ್ಲೇ ಕೂರುತ್ತಿದ್ದಳು. ಬೇರಿಂಗಿಗೆ ಗ್ರೀಸ್ ತುಂಬುವಾಗ, ಒಂದೊಂದು ಬೋಲ್ಟನ್ನೂ ಅಳತೆಯ ಸ್ಪ್ಯಾನರಿನಲ್ಲಿ ಕಟಕ್ ಅನ್ನುವವರೆಗೆ ಬಿಗಿಯುವಾಗ ಅವಳ ಮುಖ ನೋಡಬೇಕಿತ್ತು. ಈ ಹುಡುಗಿಗೆ ಇಷ್ಟು ಖುಷಿಪಡಲು ಬರುತ್ತದೆಂದು ನನಗೆ ಆಗಲೇ ತಿಳಿದದ್ದು.

ಈ ಸೈಕಲ್ಲಿಗೆ ಮುಂದೆ ಒಂದು, ಹಿಂದೆ ಒಂದು ಸಸ್ಪೆನ್ಷನ್. "ಗುಡ್ಡದ ದಾರೀಲಿ ಸೈಕಲ್ಲಿಗೂ ಮಂಡಿ ಬೇಕು ಅತ್ತೆ" ಎಂದು ತನ್ನ ಆಸ್ಪತ್ರೆಯ ಭಾಷೆಯಲ್ಲೇ ವಿವರಿಸಿದಳು. ಮಂಡಿ ತೀರ ಗಟ್ಟಿಯಿದ್ದರೆ ಸೊಂಟ ಹೋಗುತ್ತದೆ, ತೀರ ಮೆದುವಾದರೆ ಕುಸಿದು ಕೂರುತ್ತದೆ. ಓಡಿಸುವವರ ತೂಕಕ್ಕೆ ಸರಿಯಾಗಿ ಅದರೊಳಗೆ ಗಾಳಿ ತುಂಬಬೇಕು. ಅದನ್ನು ಅಳೆಯುವುದು ಒಬ್ಬರಿಂದ ಆಗದ ಕೆಲಸ. ಹೀಗಾಗಿ ಒಂದು ಭಾನುವಾರ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಒರು ಹತ್ತು ನಿಮಿಷ ಬರ್ತೀರಾ? ನಿಮ್ಮ ಟೇಪೂ ಬೇಕು" ಎಂದಳು.

ಹೆಲ್ಮೆಟ್, ಮಂಡಿಗೆ ಪ್ಯಾಡು, ಬೆನ್ನಿಗೆ ನೀರಿನ ಚೀಲ, ಎಲ್ಲ ಹಾಕಿಕೊಂಡು ಅವಳು ಹಾಲ್‌ನಲ್ಲಿ ಸೈಕಲ್ ಏರಿ ಗೋಡೆಗೆ ಮೊಣಕೈ ಆನಿಸಿ ಕೂತಳು. ಹಿಂದಿನ ಸಸ್ಪೆನ್ಷನ್ನಿನ ಕೊಳವೆಯ ಮೇಲೆ ಒಂದು ಸಣ್ಣ ರಬ್ಬರ್ ಉಂಗುರ. ನಾನು ಅದನ್ನು ಮೇಲಕ್ಕೆ ಸರಿಸಬೇಕು, ಅವಳು ಮೆಲ್ಲಗೆ ಕೂತು ಮೆಲ್ಲಗೆ ಇಳಿದ ಮೇಲೆ ಉಂಗುರ ಎಷ್ಟು ಜರುಗಿದೆಯೆಂದು ರವಿಕೆ ಅಳೆಯುವ ಟೇಪಿನಲ್ಲಿ ಅಳೆದು ಹೇಳಬೇಕು. ಜಾಸ್ತಿಯಾದರೆ ಪುಟ್ಟ ಪಂಪಿನಲ್ಲಿ ಗಾಳಿ ಒತ್ತುತ್ತಾಳೆ, ಕಡಿಮೆಯಾದರೆ ಬಿಡುತ್ತಾಳೆ. ಹತ್ತು ನಿಮಿಷ ಅಂದದ್ದು ಎರಡು ಗಂಟೆಯಾಯಿತು. ಹುಳಿ ಸೀದುಹೋಯಿತು. ಕೊನೆಗೆ ಅವಳು ಕೆಳಗಿಳಿದು, ಈಗ ನೀವು ಕೂರಿ ಎಂದಳು. ಬೇಡವೆಂದರೂ ಕೇಳಲಿಲ್ಲ. ನಾನು ಸೀರೆ ಎತ್ತಿ ಸಿಕ್ಕಿಸಿ, ಸೈಕಲ್ ಮುಟ್ಟಿ ನಲವತ್ತು ವರ್ಷವಾದ ಮೇಲೆ ಅದರ ಮೇಲೆ ಕೂತೆ. ಅದು ನನ್ನ ಭಾರಕ್ಕೆ ಮೆತ್ತಗೆ ತಗ್ಗಿತು. ಭುಜ ಹಿಡಿದುಕೊಂಡು ನಿಂತಿದ್ದ ಕಯಲ್, "ಭಯಪಡಾದೀಂಗ ಅತ್ತೆ, ಹೆದರಬೇಡಿ, ನಾನು ಬಿಡಲ್ಲ" ಎಂದಳು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಸಲೀಸಾಯಿತು.

ಆಯುಧ ಪೂಜೆಯ ಹೊತ್ತಿಗೆ ಸೈಕಲ್ ಸಿದ್ಧವಾಗಿತ್ತು. ಅದಕ್ಕೆ ಮುಂಚೆ ನಾಲ್ಕು ದಿನ ಬೆಳಿಗ್ಗೆ ಬೀಚ್ ರಸ್ತೆಯಲ್ಲಿ ಓಡಿಸಿ, ಹೊಸ ಬ್ರೇಕನ್ನು ಪಳಗಿಸಿಕೊಂಡು ಬಂದಿದ್ದಳು. ಮಾರನೆಯ ದಿನ ವಿಜಯದಶಮಿಗೆ ಮೊದಲ ಸಲ ಗುಡ್ಡಕ್ಕೆ ಹೋಗುವುದು, ನಾನೂ ಯಜಮಾನರೂ ಬರಲೇಬೇಕು ಎಂದು ತೀರ್ಮಾನವಾಗಿತ್ತು. ಪೂಜೆಯ ದಿನ ಅವಳಿಗೆ ಡ್ಯೂಟಿ. ಬರುವಷ್ಟರಲ್ಲಿ ಎಲ್ಲ ಮಾಡಿಟ್ಟು ಆಶ್ಚರ್ಯಪಡಿಸೋಣವೆಂದು ನಾನೇ ಸೈಕಲ್ ಒರೆಸಿದೆ. ಹ್ಯಾಂಡಲ್ಲಿನ ಕೆಳಗೆ ಹಣೆಯಂಥ ಜಾಗವಿದೆಯಲ್ಲ, ಅಲ್ಲಿ ಗಂಧ ಕುಂಕುಮ ಇಟ್ಟೆ. ಹೂವು ಮುಡಿಸಿದೆ. ಆಗ ಎರಡು ಚಕ್ರಗಳ ನಡುವೆಯೂ ತಳತಳ ಹೊಳೆಯುವ ತಟ್ಟೆಗಳು ಕಣ್ಣಿಗೆ ಬಿದ್ದವು. ಇಷ್ಟು ಚೆಂದದ ತಟ್ಟೆಗೆ ನಮ್ಮ ರಾಯಪುರಂ ಗಾಳಿ ತಾಗಿದರೆ ಗತಿಯೇನು ಎಂದು ಬನಿಯನ್ ಚೂರು, ಎಣ್ಣೆ ಬಾಟಲಿ ತಂದು ಎರಡೂ ತಟ್ಟೆಗಳನ್ನು ಮುಂದೆ ಹಿಂದೆ ಚೆನ್ನಾಗಿ ಉಜ್ಜಿ ಒರೆಸಿದೆ. ಬ್ರೇಕ್ ಹಿಡಿದಾಗ ಚಕ್ರ ನಿಲ್ಲುವುದೇ ಬ್ರೇಕಿನ ಪ್ಯಾಡು ಆ ತಟ್ಟೆಯನ್ನು ಕಚ್ಚಿ ಹಿಡಿಯುವುದರಿಂದ ಎಂಬುದು ನನಗೆ ಗೊತ್ತಿರಲಿಲ್ಲ. ಸಂಜೆ ಕಯಲ್ ಬಂದು ಕುಂಕುಮ, ಹೂವು ನೋಡಿ ಫೋಟೋ ತೆಗೆದು ರಘುಗೆ ಕಳಿಸಿದಳು. ಎಣ್ಣೆಯ ವಿಷಯ ಹೇಳಲು ನನಗೆ ನೆನಪಾಗಲಿಲ್ಲ, ಅದೇನು ಹೇಳುವಂಥ ವಿಷಯವೂ ಅಲ್ಲ ಅನ್ನಿಸಿತ್ತು.

ಮರುದಿನ ನಸುಕಿನಲ್ಲಿ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಚೆಂಗಲ್ಪಟ್ಟು ದಾಟಿ ಒಂದು ಕಲ್ಲುಗುಡ್ಡದ ಬುಡಕ್ಕೆ ಹೋದೆವು. ಯಜಮಾನರು ಕಾರಿನ ಹತ್ತಿರ ಹುಣಸೆ ಮರದ ನೆರಳಲ್ಲಿ ಫ್ಲಾಸ್ಕ್ ಬಿಚ್ಚಿಕೊಂಡು ಕೂತರು. ಕಯಲ್ ಸೈಕಲ್ ಇಳಿಸಿ, ಅಲ್ಲಿಂದಲೇ ಏರುದಾರಿ ಹಿಡಿದಳು. ನಾನು ಮಗನಿಗೆ ವಿಡಿಯೋ ತೆಗೆದು ಕಳಿಸಬೇಕೆಂದು ದಾರಿ ತಿರುಗುವ ಜಾಗಕ್ಕೆ ಹೋಗಿ, ಎದುರಿನ ಮರಳು ಬಯಲಲ್ಲಿ ಫೋನ್ ಹಿಡಿದು ನಿಂತೆ. ಇಳಿದು ಬರುವವರಿಗೆ ಆ ತಿರುವಿನ ಎಡಕ್ಕೆ ಹಳೆಯ ಕಲ್ಲುಗಣಿಯ ಗುಂಡಿ, ತಳದಲ್ಲಿ ಹಸಿರು ನೀರು. ಬಲಕ್ಕೆ ಬಳ್ಳಾರಿ ಜಾಲಿಯ ಪೊದೆ.

ಅವಳು ಮೇಲಿನಿಂದ ಇಳಿಯತೊಡಗಿದಾಗ ನನಗೆ ನಗು ಬಂತು, ಅಷ್ಟು ಚೆಂದವಾಗಿ ಆ ಸೈಕಲ್ ಕಲ್ಲುಗಳ ಮೇಲೆ ಮಂಡಿ ಮಡಚುತ್ತಾ ಬರುತ್ತಿತ್ತು. ಅಷ್ಟರಲ್ಲಿ ಕಿರ್ರೆಂದು ಚೀರುವ ಸದ್ದು ಕೇಳಿತು. ಅವಳು ಎರಡೂ ಬ್ರೇಕ್ ಹಿಡಿದೇ ಇದ್ದಾಳೆ, ಸೈಕಲ್ ನಿಲ್ಲುತ್ತಿಲ್ಲ. ನೇರ ಬಂದಿದ್ದರೆ ಮರಳಿನಲ್ಲಿ ಹೂತು ತಾನಾಗಿ ನಿಲ್ಲುತ್ತಿತ್ತು. ಆದರೆ ಆ ಮರಳಿನಲ್ಲಿ ನಾನು ನಿಂತಿದ್ದೆ. "ಅತ್ತೆ" ಎಂದು ಒಂದೇ ಸಲ ಕೂಗಿದಳು. ನನ್ನ ಕಾಲು ಕದಲಲಿಲ್ಲ. ಅವಳು ಹ್ಯಾಂಡಲ್ ಬಲಕ್ಕೆ ಎಳೆದು ಮುಳ್ಳಿನ ಪೊದೆಗೆ ನುಗ್ಗಿದಳು.

ನಾನು ಓಡಿಹೋದಾಗ ಅವಳು ಪೊದೆಯೊಳಗೆ ಒರಗಿಕೊಂಡು ಬಿದ್ದಿದ್ದಳು. ತೋಳು, ಕುತ್ತಿಗೆ ಎಲ್ಲ ಗೀರು. ಬಲಗೈ ಮಣಿಕಟ್ಟು ಆಗಲೇ ಊದುತ್ತಿತ್ತು. ಅಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಬಂದು, ಕೈಯಲ್ಲಿದ್ದ ಕುಡುಗೋಲಿನಿಂದ ರೆಂಬೆ ಕಡಿದು ಅವಳನ್ನು ಹೊರಗೆ ತೆಗೆದರು. ಸೊಂಟದ ಚೀಲದಿಂದ ಮುಳ್ಳು ತೆಗೆಯುವ ಚಿಮಟ ತೆಗೆದು, ಅವಳನ್ನು ಬಂಡೆಯ ಮೇಲೆ ಕೂರಿಸಿ, ಒಂದೊಂದೇ ಮುಳ್ಳು ಕೀಳುತ್ತಾ ಹೋದರು. ನಾನು ಅಳುತ್ತಿದ್ದುದನ್ನು ನೋಡಿ "ನಿಮ್ಮ ಮಗಳಾ?" ಎಂದು ತಮಿಳಿನಲ್ಲಿ ಕೇಳಿದರು. ನಾನು ಹೌದೆಂದೆ. ಕಯಲ್ ತಲೆಯೆತ್ತಿ ನನ್ನನ್ನು ನೋಡಿದಳು.

ಯಜಮಾನರು ಸೈಕಲ್ ಎಳೆದು ತಂದು ಪಕ್ಕದಲ್ಲಿ ನಿಲ್ಲಿಸಿದರು. ಕಯಲ್ ಎಡಗೈ ಚಾಚಿ ಆ ತಟ್ಟೆಯನ್ನು ಬೆರಳಿನಿಂದ ಮುಟ್ಟಿ ಮೂಗಿನ ಹತ್ತಿರ ಹಿಡಿದಳು. ಬಿಸಿಯಾದ ಕೊಬ್ಬರಿ ಎಣ್ಣೆಯ ವಾಸನೆ ನನ್ನ ತನಕ ಬಂತು. ನನಗೆ ಎಲ್ಲ ಅರ್ಥವಾಯಿತು. ಅವಳಿಗೂ ಅರ್ಥವಾದದ್ದು ಅವಳ ಕಣ್ಣಲ್ಲೇ ಕಂಡಿತು. ಏನಾಯಿತಮ್ಮ ಎಂದು ಯಜಮಾನರು ಕೇಳಿದರು. "ಇಳಿಯೋ ಮುಂಚೆ ಬ್ರೇಕ್ ಹಿಡಿದು ನೋಡ್ಬೇಕಿತ್ತು ಮಾಮ. ನೋಡ್ಲಿಲ್ಲ. ನನ್ನ ತಪ್ಪು" ಎಂದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಳು. ಮಾತಾಡಬೇಕಾದವಳು ನಾನು. ಬಾಯಿ ಬಿಡಲಿಲ್ಲ.

ಮೂಳೆ ಮುರಿದಿರಲಿಲ್ಲ, ಪುಣ್ಯ. ಮಣಿಕಟ್ಟು ಉಳುಕಿತ್ತು. ಕೈಯೇ ಅವಳ ಕಸುಬು, ಆದ್ದರಿಂದ ಎರಡು ವಾರ ರಜೆ ಹಾಕಬೇಕಾಯಿತು. ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮೂರನೆಯ ದಿನ ನಾನೇ ಬಾಚಣಿಗೆ ತೆಗೆದುಕೊಂಡು ಅವಳ ಹಿಂದೆ ಕೂತೆ. ಎಣ್ಣೆ ಬಾಟಲಿ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಅದೇ ಹೊತ್ತಿಗೆ ರಘುವಿನ ವಿಡಿಯೋ ಕಾಲ್ ಬಂತು. ಅವನ ಅಪ್ಪ ನಡೆದದ್ದನ್ನು ಹೇಳಿಬಿಟ್ಟಿದ್ದರು. ಅವನದು ದೂರದಲ್ಲಿರುವವನ ಭಯ. ಬ್ರೇಕ್ ನೋಡದೆ ಇಳಿಯುವವಳಿಗೆ ಗುಡ್ಡದ ಸಹವಾಸ ಬೇಡ, ಕೈ ಸರಿಹೋದ ಮೇಲೆ ಆ ಸೈಕಲ್ ಬಿಚ್ಚಿ ಮಾರಿಬಿಡು ಎಂದ. ಕಯಲ್ ಸರಿ ಎಂದಳು. ಊಟಕ್ಕೆ ಏನಾದರೂ ಸರಿ ಅನ್ನುತ್ತಿದ್ದಳಲ್ಲ, ಅದೇ ದನಿಯಲ್ಲಿ. ನನ್ನ ಕೈಯಲ್ಲಿ ಅವಳ ಅರ್ಧ ಹೆಣೆದ ಜಡೆಯಿತ್ತು. ನನಗೆ ತಡೆಯಲಾಗಲಿಲ್ಲ.

"ಅವಳದ್ದೇನೂ ತಪ್ಪಿಲ್ಲ ಕಣೋ. ಬ್ರೇಕಿನ ತಟ್ಟೆಗೆ ಎಣ್ಣೆ ಹಚ್ಚಿದ್ದು ನಾನು" ಎಂದೆ.

ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತಿದರು. ನಾನು ಪೂಜೆಯ ದಿನದ್ದೆಲ್ಲ ಹೇಳಿ, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದುದನ್ನೂ ಹೇಳಿದೆ. ಬೈದರೆ ಬೈಸಿಕೊಳ್ಳೋಣವೆಂದು ಕಾದೆ. ಕಯಲ್ ತಿರುಗದೆಯೇ, ತನಗೆ ಅಲ್ಲೇ ಗೊತ್ತಾಗಿತ್ತು ಎಂದಳು. ಮತ್ತೆ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀವು ಇನ್ಮೇಲೆ ಸೈಕಲ್ ಹತ್ತಿರಾನೇ ಬರಲ್ಲ ಅನ್ನಿಸ್ತು ಅತ್ತೆ" ಎಂದಳು.

ಸೈಕಲ್ ಮಾರಲಿಲ್ಲ. ಎಣ್ಣೆ ಹೀರಿದ ಬ್ರೇಕ್ ಪ್ಯಾಡ್ ಬಿಸಾಡಿ ಹೊಸದು ತರಿಸಿದಳು, ತಟ್ಟೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದಳು. ಅದು ತುಕ್ಕು ಹಿಡಿಯದ ಸ್ಟೀಲು ಎಂದು ಆಗ ನನಗೆ ತಿಳಿಯಿತು. ಕೈ ಸರಿಯಾದ ಮೇಲೆ ಮತ್ತೆ ಗುಡ್ಡಕ್ಕೆ ಹೋದಳು, ಹೋಗುತ್ತಲೇ ಇದ್ದಾಳೆ. ಆದರೆ ಅವಳು ಹೆದರಿದಂತೆಯೇ ಆಯಿತು. ನಾನು ಸೈಕಲ್ ಮುಟ್ಟುವುದನ್ನು ಬಿಟ್ಟೆ. ಅಳತೆಗೆ ಕರೆದರೆ ಟೇಪನ್ನು ಯಜಮಾನರ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದೆ. ಅದಿರುವ ಮೂಲೆಯಲ್ಲಿ ಕಸ ಗುಡಿಸುವಾಗಲೂ ಎರಡು ಅಡಿ ದೂರದಲ್ಲೇ ನಿಲ್ಲುತ್ತಿದ್ದೆ. ಕಯಲ್ ಒತ್ತಾಯ ಮಾಡಲಿಲ್ಲ.

ಈ ವರ್ಷದ ಆಯುಧ ಪೂಜೆಗೆ ಅವಳು ರಜೆ ಹಾಕಿದ್ದಳು. ನಾನು ಹೊಲಿಗೆ ಯಂತ್ರಕ್ಕೆ, ಈಳಿಗೆ ಮಣೆಗೆ ಕುಂಕುಮವಿಟ್ಟು ಪೂಜೆಯ ತಟ್ಟೆ ಹಿಡಿದು ಒಳಗೆ ಹೊರಟಿದ್ದೆ. ಅವಳು ಸೈಕಲ್ ತಳ್ಳಿಕೊಂಡು ಬಂದು ದಾರಿಗೆ ಅಡ್ಡ ನಿಲ್ಲಿಸಿದಳು. ನೀನೇ ಇಡಮ್ಮ ಎಂದೆ. "ಇಲ್ಲ ಅತ್ತೆ, ನೀವೇ. ಅದೇ ಜಾಗದಲ್ಲಿ" ಎಂದು ಹ್ಯಾಂಡಲ್ಲಿನ ಕೆಳಗೆ ತೋರಿಸಿದಳು.

ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಕಲ್ಲು ಸಿಡಿದು ಬಣ್ಣ ಹೋಗದಿರಲೆಂದು ಚೌಕಟ್ಟಿಗೆ ಅಂಟಿಸುವ ಪಾರದರ್ಶಕ ಹಾಳೆಯ ಒಂದು ಚೂರನ್ನು ಅಲ್ಲಿ ದುಂಡಗೆ ಕತ್ತರಿಸಿ ಅಂಟಿಸಿದ್ದಳು. ಅದರ ಕೆಳಗೆ ಹೋದ ವರ್ಷ ನಾನಿಟ್ಟ ಕುಂಕುಮ, ಸ್ವಲ್ಪ ಮಾಸಿ, ಹಾಗೇ ಇತ್ತು.

ಯಾವಾಗ ಅಂಟಿಸಿದೆ ಎಂದು ಕೇಳಿದೆ.

"ಬ್ರೇಕ್ ತೊಳೆದ ದಿನ. ಎಣ್ಣೆ ತೊಳೆದೆ, ಇದನ್ನ ಇಟ್ಕೊಂಡೆ" ಎಂದಳು.

ಒಂದು ವರ್ಷ ನಾನು ದೂರ ದೂರ ನಿಂತಿದ್ದ ಆ ಸೈಕಲ್ಲು, ಬಿದ್ದ ಗುಡ್ಡವನ್ನೂ ಸೇರಿಸಿ ಅದೆಷ್ಟೋ ಗುಡ್ಡಗಳಿಗೆ ನನ್ನ ಕುಂಕುಮ ಹೊತ್ತುಕೊಂಡೇ ಹೋಗಿ ಬಂದಿತ್ತು. ನನಗೆ ಕಣ್ಣು ಮಂಜಾಗಿ ಬೆರಳು ಎಲ್ಲಿಡಬೇಕೆಂದು ಕಾಣಲಿಲ್ಲ. ಕಯಲ್ ನನ್ನ ಕೈ ಹಿಡಿದು ಆ ಹಾಳೆಯ ಮೇಲೆ ಇಡಿಸಿದಳು. ಆಮೇಲೆ ಟೇಪು ತನ್ನಿ ಅತ್ತೆ, ನಿಮ್ಮ ಕೈಯಡುಗೆ ತಿಂದು ತಿಂದು ನನ್ನ ತೂಕ ಜಾಸ್ತಿಯಾಗಿದೆ, ಗಾಳಿ ನೋಡಬೇಕು ಎಂದಳು. ನಾನು ಸೆರಗಿನಲ್ಲಿ ಕೈ ಚೆನ್ನಾಗಿ ಒರೆಸಿಕೊಂಡು ಟೇಪು ತರಲು ಹೋದೆ.